ಬೇಸರ ಗುರುತಿಸಿದ ಮೇಲೆ

ಒಡನಾಟದ ರೋಬೋ ಎಂದರೆ ಜಪಾನಿನಿಂದ ಬರುವ ಸುದ್ದಿ ಎಂದುಕೊಂಡವರು ಮುಂಬಯಿಯಲ್ಲೂ ಬಹಳ ಮಂದಿ ಇದ್ದಾರೆ. ಅದು ಇದೇ ಊರಿನ ಸರಕು ಕೂಡ. ಐಐಟಿ ಬಾಂಬೆಯಲ್ಲಿ ಓದಿದ ಸ್ನೇಹ್ ವಾಸ್ವಾನಿ, ಪ್ರಶಾಂತ್ ಅಯ್ಯಂಗಾರ್, ಚಿಂತನ್ ರಾಯ್ಕರ್ ಕಟ್ಟಿದ ಕಂಪನಿ 2017ರಲ್ಲಿ 'ಮೀಕೋ' ಎಂಬ ಪುಟ್ಟ ರೋಬೋವನ್ನು ಪೇಟೆಗೆ ತಂದಿತು. ಅದು ಮಕ್ಕಳೊಡನೆ ಮಾತಾಡುತ್ತದೆ, ಕತೆ ಹೇಳುತ್ತದೆ, ಮಗುವಿನ ಮನಸ್ಸು ಹೇಗಿದೆ ಎಂದು ನೋಡಿಕೊಂಡು ನಡೆದುಕೊಳ್ಳುತ್ತದೆ ಎಂಬುದು ಪ್ರಚಾರ. ಕಂಪನಿಗೆ ಆಗ ಇದ್ದ ಹೆಸರು ಎಮೋಟಿಕ್ಸ್. ಭಾವ ತಿಳಿಯುತ್ತದೆ ಎಂಬ ಹೇಳಿಕೆ ಹೆಸರಿನಲ್ಲೇ ಇತ್ತು. ಪೊವಾಯಿಯ ಕೇಂದ್ರೀಯ ವಿದ್ಯಾಲಯದ ಕಂಪ್ಯೂಟರ್ ಮೇಷ್ಟ್ರು ದಿನೇಶ್ ಪಟೇಲ್ ರಟ್ಟು, ಪ್ಲಾಸ್ಟಿಕ್, ಮರದ ತುಂಡು, ಅಲ್ಯುಮಿನಿಯಂ ಸೇರಿಸಿ ಮಾಡಿದ 'ಶಾಲು' ಎಂಬ ರೋಬೋ 9 ಭಾರತೀಯ ಭಾಷೆ, 38 ವಿದೇಶಿ ಭಾಷೆ ಮಾತಾಡುತ್ತದೆಂದು 2021ರಲ್ಲಿ ಪತ್ರಿಕೆಗಳು ಬರೆದವು. ಬೆಂಗಳೂರಿನ ಇನ್ವೆಂಟೋ ಸಂಸ್ಥೆಯ 'ಮಿತ್ರ' 2017ರಲ್ಲಿ ಹೈದರಾಬಾದಿನ ವೇದಿಕೆಯ ಮೇಲೆ ಪ್ರಧಾನಿಯನ್ನೂ ಇವಾಂಕಾ ಟ್ರಂಪ್ ಅವರನ್ನೂ ಸ್ವಾಗತಿಸಿ, ಮೂರು ವರ್ಷದ ನಂತರ ಕೋವಿಡ್ ಆಸ್ಪತ್ರೆಗಳಲ್ಲಿ ರೋಗಿಗಳ ಹಾಸಿಗೆಯ ಬಳಿ ಹೋಗಿ ಮನೆಯವರ ಮುಖ ತೋರಿಸುವ ಕೆಲಸಕ್ಕೆ ನಿಂತಿತು. ನನ್ನ ಲೆಕ್ಕದಲ್ಲಿ ವೇದಿಕೆಗಿಂತ ಈ ಎರಡನೆಯದೇ ಅದರ ದೊಡ್ಡ ಕೆಲಸ.

ಮಕ್ಕಳ ಕೋಣೆಯಿಂದ ಈ ಸರಕು ಹಿರಿಯರ ಕೋಣೆಗೆ ದಾಟಲು ಬಹಳ ದೂರವಿಲ್ಲ. ಹೊರದೇಶಗಳಲ್ಲಿ ದಾಟಿಯೂ ಆಗಿದೆ. ದಾಟಬೇಕೋ ಬೇಡವೋ ಎಂಬ ಚರ್ಚೆ ಶುರುವಾದಾಗ ಎರಡು ಪಕ್ಷದವರೂ ಒಂದು ಮಾತನ್ನು ಪರೀಕ್ಷೆ ಮಾಡದೆ ಒಪ್ಪಿಕೊಂಡುಬಿಡುತ್ತಾರೆ: ಯಂತ್ರಕ್ಕೆ ಮನುಷ್ಯನ ಭಾವ ತಿಳಿಯುತ್ತದೆ ಎಂದು. ಪರ ಇರುವವರಿಗೆ ಅದು ವರ, ವಿರೋಧ ಇರುವವರಿಗೆ ಅದೇ ಶಾಪ. ತಿಳಿದಂತೆ ಕಂಡ ಮೇಲೆ ಅದು ಏನು ಮಾಡುತ್ತದೆ, ಯಾರಿಗೆ ಹೋಗಿ ಹೇಳುತ್ತದೆ ಎಂಬಲ್ಲಿ ನಿಜವಾದ ಜಗಳ ಇದೆ ಎಂಬುದು ನನ್ನ ಅನಿಸಿಕೆ.

ಸಾಂತಾಕ್ರೂಜ್ ಪೂರ್ವದಲ್ಲಿ ನಿಂತು ನೋಡಿದರೆ ಈ ಜಗಳಕ್ಕೆ ಮೈ ಬರುತ್ತದೆ. ಪೇಜಾವರ ಮಠ, ಬಿಲ್ಲವ ಭವನ, ಕಲಿನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಎಲ್ಲವೂ ರಿಕ್ಷಾ ದೂರದಲ್ಲಿ. ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಹುಡುಗರಾಗಿ ಬಂದು, ಹಗಲು ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಮೆಟ್ರಿಕ್ ಮುಗಿಸಿ, ಬ್ಯಾಂಕಿಗೋ ಮಿಲ್ಲಿನ ಕಚೇರಿಗೋ ಸ್ವಂತ ಹೋಟೆಲಿಗೋ ಏರಿದ ತಲೆಮಾರು ಈಗ ಎಪ್ಪತ್ತೈದು ದಾಟಿದೆ. ಅವರ ಮಕ್ಕಳು ಇಂಗ್ಲಿಷಿನಲ್ಲಿ ಓದಿ ಪುಣೆಗೆ, ಬೆಂಗಳೂರಿಗೆ, ನ್ಯೂಜೆರ್ಸಿಗೆ ಹೋಗಿದ್ದಾರೆ. ವಾಕೋಲಾದ, ಗೋಳಿಬಾರಿನ ಚಾಳುಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಬಿದ್ದು ಟವರುಗಳಾಗುತ್ತಿವೆ. ಚಾಳಿನ ಗ್ಯಾಲರಿಯಲ್ಲಿ ಯಾರ ಮನೆಯ ಕುಕ್ಕರ್ ಇವತ್ತು ಸೀಟಿ ಹೊಡೆಯಲಿಲ್ಲ, ಯಾರು ಬಾಗಿಲು ತೆಗೆಯಲಿಲ್ಲ, ಯಾರ ದನಿ ಸಪ್ಪೆಯಾಗಿದೆ ಎಂಬುದು ಕೇಳದೆಯೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಟವರಿನಲ್ಲಿ ಲಿಫ್ಟ್ ಇದೆ, ನೀರು ಇಪ್ಪತ್ತನಾಲ್ಕು ಗಂಟೆ ಬರುತ್ತದೆ, ಎದುರು ಬಾಗಿಲಿನವರ ಹೆಸರು ಗೊತ್ತಿರುವುದಿಲ್ಲ. ಹಾಗೆಂದು ಚಾಳನ್ನು ಸ್ವರ್ಗ ಮಾಡಬೇಕಿಲ್ಲ. ಆ ಗ್ಯಾಲರಿಯ ಕಣ್ಣುಗಳು ಹೊಸ ಸೊಸೆಯಂದಿರಿಗೆ ಕೊಟ್ಟ ಕಾಟ ಅನುಭವಿಸಿದವರಿಗೇ ಗೊತ್ತು. ನೋಡಿಕೊಳ್ಳುವುದಕ್ಕೂ ಕಣ್ಣಿಡುವುದಕ್ಕೂ ನಡುವೆ ಆಗಲೂ ಗೋಡೆ ತೆಳ್ಳಗೇ ಇತ್ತು.

2017ರ ಆಗಸ್ಟಿನಲ್ಲಿ, ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಅಂಧೇರಿಯಲ್ಲಿ, ಅಮೆರಿಕದಿಂದ ಬಂದ ಮಗ ಬೀಗದವನನ್ನು ಕರೆಸಿ ಫ್ಲ್ಯಾಟಿನ ಬಾಗಿಲು ತೆಗೆಸಿದಾಗ ಒಳಗೆ ಸಿಕ್ಕಿದ್ದು ತಾಯಿಯ ಅಸ್ಥಿಪಂಜರ. ಅವರಿಬ್ಬರೂ ಕೊನೆಯ ಬಾರಿ ಮಾತಾಡಿದ್ದು ಹಿಂದಿನ ವರ್ಷದ ಏಪ್ರಿಲಿನಲ್ಲಿ. ಒಂಟಿಯಾಗಿ ಇರಲಾರೆ, ವೃದ್ಧಾಶ್ರಮಕ್ಕಾದರೂ ಹೋಗುತ್ತೇನೆ ಎಂದು ಆಕೆ ಹೇಳಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಆ ಸುದ್ದಿಯ ನಂತರ ಮುಂಬಯಿಯ ಎಷ್ಟೋ ಮನೆಗಳಲ್ಲಿ ಫೋನುಗಳು ಸ್ವಲ್ಪ ದಿನ ಜಾಸ್ತಿ ಬಡಿದುಕೊಂಡಿರಬೇಕು. ಯಂತ್ರವನ್ನು ಮನೆಯೊಳಗೆ ಬಿಡಬಾರದು ಎಂದು ಬರೆಯಲು ಹೊರಡುವವರು ಈ ಬಾಗಿಲನ್ನು ದಾಟಿಕೊಂಡೇ ಮುಂದೆ ಹೋಗಬೇಕು.

ಅಂಕಿಗಳು ಇಷ್ಟು ಎದೆ ನಡುಗಿಸುವಂತಿಲ್ಲ ಎಂಬುದನ್ನೂ ಹೇಳಬೇಕು. ದೇವನಾರಿನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017-18ರಲ್ಲಿ ದೇಶದ 72,000ಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಸಮೀಕ್ಷೆಯ ಪ್ರಕಾರ, ಅರವತ್ತು ದಾಟಿದವರಲ್ಲಿ ಒಂಟಿಯಾಗಿ ಬದುಕುವವರು ನೂರಕ್ಕೆ ಆರರಷ್ಟು ಮಾತ್ರ. ಇನ್ನು ನೂರಕ್ಕೆ ಇಪ್ಪತ್ತರಷ್ಟು ಜನ ಗಂಡ ಹೆಂಡತಿ ಇಬ್ಬರೇ. ಆದರೆ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇರುವ ಮನೆಯಲ್ಲೂ ಬೆಳಿಗ್ಗೆ ಎಂಟೂವರೆಯಿಂದ ರಾತ್ರಿ ಒಂಬತ್ತರವರೆಗೆ, ಲೋಕಲ್ ಗಾಡಿಯ ಎರಡು ಪ್ರಯಾಣಗಳ ನಡುವಿನ ಆ ಉದ್ದನೆಯ ಹಗಲಿನಲ್ಲಿ, ಅಜ್ಜಿ ಒಬ್ಬರೇ. ಸಮೀಕ್ಷೆಯ ಕಾಗದದ ಮೇಲೆ ಅವರು ಕೂಡುಕುಟುಂಬದವರು.

2007ರಲ್ಲಿ ಬಂದ ಹಿರಿಯ ನಾಗರಿಕರ ಪಾಲನೆಯ ಕಾನೂನು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡಿಸಬಲ್ಲದು, ಅರ್ಧ ಗಂಟೆ ಮಾತು ಕೊಡಿಸಲಾರದು. ಆ ಮಾತನ್ನು ದುಡ್ಡಿಗೆ ಒದಗಿಸುವ ವ್ಯವಸ್ಥೆ ರೋಬೋಗಿಂತ ಮೊದಲೇ ಈ ಊರಿಗೆ ಬಂದಿದೆ. ಶಂತನು ನಾಯ್ಡು ಶುರು ಮಾಡಿ ರತನ್ ಟಾಟಾ ಬಂಡವಾಳ ಹಾಕಿದ 'ಗುಡ್‌ಫೆಲೋಸ್' 2022ರಲ್ಲಿ ಮುಂಬಯಿಯಲ್ಲೇ ಹುಟ್ಟಿತು. ಪದವಿ ಮುಗಿಸಿದ ಹುಡುಗ ಹುಡುಗಿಯರು ಹಿರಿಯರ ಮನೆಗೆ ಹೋಗಿ ಜೊತೆ ಕೂರುತ್ತಾರೆ, ಕೇರಂ ಆಡುತ್ತಾರೆ, ವಾಕಿಂಗ್ ಕರೆದೊಯ್ಯುತ್ತಾರೆ, ಅದಕ್ಕೆ ಶುಲ್ಕ. ಹಿರಿಯರನ್ನು ನೋಡಿಕೊಳ್ಳಲು ಬ್ಯೂರೋದಿಂದ ಕಳಿಸುವ ಕೆಲಸದ ಹೆಂಗಸರು, ಮುಂಬಯಿಯ ಮಾತಿನಲ್ಲಿ 'ಬಾಯಿ'ಯಂದಿರು, ಅದಕ್ಕೂ ಹಳಬರು. ಇಪ್ಪತ್ತನಾಲ್ಕು ಗಂಟೆಯ ಬಾಯಿಗೆ ತಿಂಗಳಿಗೆ ಇಪ್ಪತ್ತು ಸಾವಿರ ದಾಟುವುದು ಸಾಮಾನ್ಯ. ಹಾಗಾಗಿ 'ಪ್ರೀತಿಯನ್ನು ದುಡ್ಡಿಗೆ ಕೊಳ್ಳುವ ಕಾಲ ಬಂತಲ್ಲ' ಎಂಬ ನಿಟ್ಟುಸಿರನ್ನು ರೋಬೋ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನು ಯಂತ್ರದ ಕಡೆಗೆ. ಅದು ಮಾಡುವ ಕೆಲಸ ಕೇಳಿದಷ್ಟು ನಿಗೂಢವಲ್ಲ. ಕ್ಯಾಮೆರಾ ಮುಖದ ಮೇಲೆ ಹುಬ್ಬಿನ ತುದಿ, ಕಣ್ಣಂಚು, ತುಟಿಯ ಕೊನೆ ಹೀಗೆ ಹತ್ತಾರು ಬಿಂದುಗಳನ್ನು ಗುರುತಿಸಿಕೊಂಡು, ಅವು ಹೇಗೆ ಸರಿಯುತ್ತವೆ ಎಂದು ಅಳೆಯುತ್ತದೆ. ಮೈಕು ದನಿಯ ಏರಿಳಿತ, ವೇಗ, ಮಾತಿನ ನಡುವಿನ ಮೌನ ಇವನ್ನು ಅಳೆಯುತ್ತದೆ. ಈ ಅಳತೆಗಳನ್ನು ಮೊದಲೇ ಹೆಸರು ಹಚ್ಚಿಟ್ಟ ಸಾವಿರಾರು ಮುಖ, ದನಿಗಳ ಜೊತೆ ಹೋಲಿಸಿ, 'ದುಃಖ ಇರಬಹುದು, ಇಷ್ಟು ಪಾಲು' ಎಂದು ಒಂದು ಸಂಖ್ಯೆ ಕೊಡುತ್ತದೆ. ಅಮೆರಿಕದ ರೋಸಲಿಂಡ್ ಪಿಕಾರ್ಡ್ 1997ರಲ್ಲಿ ಪುಸ್ತಕ ಬರೆದು ಈ ವಿದ್ಯೆಗೆ ಅಡಿಪಾಯ ಹಾಕಿದರು. ಹೆಸರು ಹಚ್ಚುವ ಪದ್ಧತಿಗೆ ಆಧಾರವಾದದ್ದು ಪಾಲ್ ಎಕ್‌ಮನ್ ಅವರ ವಾದ: ಸಂತೋಷ, ದುಃಖ, ಭಯ, ಕೋಪ, ಅಸಹ್ಯ, ಆಶ್ಚರ್ಯ ಈ ಆರು ಭಾವಗಳು ಜಗತ್ತಿನ ಎಲ್ಲರ ಮುಖದಲ್ಲೂ ಒಂದೇ ರೀತಿ ಮೂಡುತ್ತವೆ ಎಂಬುದು.

ಈ ಅಡಿಪಾಯಕ್ಕೆ ದೊಡ್ಡ ಬಿರುಕು ಬಿದ್ದದ್ದು 2019ರಲ್ಲಿ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಆವರೆಗಿನ ಸಂಶೋಧನೆಗಳನ್ನೆಲ್ಲ ಜಾಲಿಸಿ ನೋಡಿ, ಮುಖದ ಚಲನೆಯಿಂದ ಒಳಗಿನ ಭಾವವನ್ನು ನಂಬಿಕೆಯಿಂದ ಹೇಳಲಾಗದು ಎಂದರು. ಕೋಪ ಬಂದವರು ಹುಬ್ಬು ಗಂಟಿಕ್ಕುವುದು ನೂರಕ್ಕೆ ಮೂವತ್ತರಷ್ಟು ಸಲವಷ್ಟೆ. ಉಳಿದಂತೆ ಕೆಲವರು ನಗುತ್ತಾರೆ, ಕೆಲವರು ಅಳುತ್ತಾರೆ, ಕೆಲವರು ಪಾತ್ರೆ ಕುಕ್ಕುತ್ತಾರೆ. 2022ರಲ್ಲಿ ಮೈಕ್ರೋಸಾಫ್ಟ್ ತನ್ನ ಮುಖ ಗುರುತಿಸುವ ಸೇವೆಯಿಂದ ಭಾವ ಊಹಿಸುವ ಭಾಗವನ್ನೇ ತೆಗೆದುಹಾಕಿತು. ಯುರೋಪಿನ ಹೊಸ ಕಾನೂನು 2025ರ ಫೆಬ್ರವರಿಯಿಂದ ಕಚೇರಿ ಮತ್ತು ಶಾಲೆಗಳಲ್ಲಿ ಇಂಥ ಭಾವಪತ್ತೆಯನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ನಿಷೇಧಿಸಿದೆ. ಮನೆಯೊಳಗಿನ ರೋಬೋಗೆ ಆ ನಿಷೇಧ ಅನ್ವಯಿಸುವುದಿಲ್ಲ.

ಕನ್ನಡದಲ್ಲಿ ಓದುವವರಿಗೆ ಈ ಬಿರುಕು ಹೊಸದೆನಿಸಬಾರದು. ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ' ಓದಿದವರಿಗೆ ನಾಟ್ಯಶಾಸ್ತ್ರದ ಭರತನ ಲೆಕ್ಕ ನೆನಪಿರುತ್ತದೆ. ಎಕ್‌ಮನ್ ಹೇಳುವ ಆರೂ ಭರತನ ಎಂಟು ಸ್ಥಾಯಿಭಾವಗಳಲ್ಲಿ ಸಿಗುತ್ತವೆ: ಹಾಸ, ಶೋಕ, ಭಯ, ಕ್ರೋಧ, ಜುಗುಪ್ಸೆ, ವಿಸ್ಮಯ. ರತಿ, ಉತ್ಸಾಹ ಎರಡು ಹೆಚ್ಚು. ಭರತ ಅಲ್ಲಿಗೆ ನಿಲ್ಲಲಿಲ್ಲ. ಬಂದು ಹೋಗುವ ವ್ಯಭಿಚಾರಿ ಭಾವಗಳು 33 ಎಂದ. ನಿರ್ವೇದ, ಗ್ಲಾನಿ, ಚಿಂತೆ, ಸ್ಮೃತಿ, ಔತ್ಸುಕ್ಯ ಎಲ್ಲ ಅಲ್ಲಿವೆ. ಮಧ್ಯಾಹ್ನ ಮೂರು ಗಂಟೆಗೆ ಒಂಟಿ ಮನೆಯಲ್ಲಿ ಕೂತವರ ಮನಸ್ಸಿನಲ್ಲಿ ಓಡಾಡುವುದು ಹೆಚ್ಚಾಗಿ ಈ ಮೂವತ್ತಮೂರೇ. ಅವುಗಳಲ್ಲಿ ಅವಹಿತ್ಥ ಎಂಬುದೊಂದಿದೆ, ಒಳಗಿನ ಭಾವವನ್ನು ಮುಚ್ಚಿಡುವುದು. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲಿನಲ್ಲಿ 'ನನಗೇನಾಗಿದೆ, ಆರಾಮಾಗಿದ್ದೇನೆ, ನೀನು ಸರಿಯಾಗಿ ಊಟ ಮಾಡು ಮಗಾ' ಎಂದು ನಗುವ ಅಮ್ಮ ಮಾಡುತ್ತಿರುವುದು ಅದನ್ನೇ. ಕ್ಯಾಮೆರಾ ಅದಕ್ಕೆ 'ಸಂತೋಷ' ಎಂಬ ಚೀಟಿ ಅಂಟಿಸುತ್ತದೆ. ಭರತನ ಪ್ರಕಾರ ಹೊರಗೆ ಕಾಣುವ ಅನುಭಾವವೊಂದರಿಂದಲೇ ಭಾವ ನಿರ್ಧಾರವಾಗದು; ಕಾರಣವಾದ ವಿಭಾವ ಗೊತ್ತಿರಬೇಕು. ಆವತ್ತು ಗಂಡನ ವರ್ಷಾಂತಿಕ ಎಂಬುದು ಗೊತ್ತಿಲ್ಲದ ಯಂತ್ರಕ್ಕೆ ಕಣ್ಣಂಚಿನ ನೀರು ಬರೀ ನೀರು.

ಯಂತ್ರದ ಪರವಾಗಿ ಇಲ್ಲಿ ಒಂದು ಮಾತು ಸೇರಿಸಲೇಬೇಕು: ಮಗನೂ ಅದೇ ನಗುವನ್ನು ನೋಡಿ ನಂಬಿ ಫೋನ್ ಇಟ್ಟ. ದಿನವೂ ಜೊತೆಗಿರುವ ಯಂತ್ರ, ಮುಖ ನೋಡಿ ಭಾವ ಊಹಿಸುವ ಗೊಡವೆಗೇ ಹೋಗದೆ, ಇವರು ಮೂರು ದಿನದಿಂದ ರೇಡಿಯೋ ಹಾಕಿಲ್ಲ, ಎಂದಿಗಿಂತ ತಡವಾಗಿ ಏಳುತ್ತಿದ್ದಾರೆ, ಮಾತು ಅರ್ಧಕ್ಕರ್ಧ ಕಡಿಮೆಯಾಗಿದೆ ಎಂದು ಗಮನಿಸಿದರೂ ಸಾಕು, ವಾರಕ್ಕೊಮ್ಮೆ ಐದು ನಿಮಿಷ ನೋಡುವ ಮಗನಿಗಿಂತ ಹೆಚ್ಚು ತಿಳಿದಿರುತ್ತದೆ. ಇದು ಚಾಳಿನ ಕುಕ್ಕರ್ ಸೀಟಿಯ ವಿದ್ಯೆ. ನನ್ನ ಮಟ್ಟಿಗೆ ಒಡನಾಟದ ರೋಬೋ ವಿನ್ಯಾಸ ಮಾಡುವವರು ಕಲಿಯಬೇಕಾದ್ದು ಇದನ್ನು. ಆರು ಚೀಟಿಗಳನ್ನು ಅವರು ಕಸದ ಬುಟ್ಟಿಗೆ ಹಾಕಿದರೂ ನಷ್ಟವಿಲ್ಲ.

ಭಾಷೆಯ ತೊಡಕು ಬೇರೆ. ಭಾವದ ದನಿಗಳ ಭಾರತೀಯ ಸಂಗ್ರಹಗಳಲ್ಲಿ ಹೆಸರಾದ ಒಂದನ್ನು ಐಐಟಿ ಖರಗ್‌ಪುರದವರು ತೆಲುಗಿನಲ್ಲಿ ಮಾಡಿದರು, ವಿಜಯವಾಡ ಆಕಾಶವಾಣಿಯ ಹತ್ತು ಕಲಾವಿದರಿಂದ ಎಂಟು ಭಾವಗಳಲ್ಲಿ ವಾಕ್ಯಗಳನ್ನು ಹೇಳಿಸಿ. ಆ ಎಂಟರಲ್ಲಿ ಕರುಣೆ, ವ್ಯಂಗ್ಯ ಎರಡೂ ಇದ್ದವೆಂಬುದು ಸಂತೋಷದ ವಿಷಯ. ನಮ್ಮ ಮನೆಗಳಲ್ಲಿ ವ್ಯಂಗ್ಯ ಗೊತ್ತಿಲ್ಲದ ಯಂತ್ರ ಒಂದು ದಿನವೂ ಬಾಳಲಾರದು. ಆದರೆ ಆಕಾಶವಾಣಿಯ ಕಲಾವಿದರು ಕೋಪವನ್ನು ಅಭಿನಯಿಸುವ ರೀತಿಗೂ ವಾಕೋಲಾದ ಅಜ್ಜಿ ಮುನಿಸಿಕೊಳ್ಳುವ ರೀತಿಗೂ ಬಹಳ ಅಂತರ. ಆ ಅಜ್ಜಿ ಗಂಡನ ಜೊತೆ ತುಳು, ಮಠದಲ್ಲಿ ಕನ್ನಡ, ಭಾಜಿವಾಲನ ಜೊತೆ ಬಂಬೈಯಾ ಹಿಂದಿ, ಬಾಯಿಯ ಜೊತೆ ಮರಾಠಿ ಆಡುತ್ತಾರೆ, ಜಗಳ ಬಂದರೆ ಒಂದೇ ವಾಕ್ಯದಲ್ಲಿ ನಾಲ್ಕನ್ನೂ. ಗೂಗಲ್ ಅನುವಾದಕ್ಕೆ ತುಳು ಸೇರಿದ್ದೇ 2024ರಲ್ಲಿ. ಮೇಲಿಂದ ಕೆಲವು ನಿಮಿಷಕ್ಕೊಂದು ವಿಮಾನ. ಸಾಂತಾಕ್ರೂಜ್‌ನವರು ವಿಮಾನ ದಾಟುವವರೆಗೆ ಮಾತು ನಿಲ್ಲಿಸಿ ಮತ್ತೆ ಮುಂದುವರಿಸುತ್ತಾರೆ. ಆ ಮೌನವನ್ನು ಯಂತ್ರ ಖಿನ್ನತೆ ಎಂದು ಬರೆದುಕೊಂಡರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ತಪ್ಪಿದರೂ ಇವು ಉಪಯೋಗಕ್ಕೆ ಬರುತ್ತವೆಯೇ? ಬರುತ್ತವೆ ಎನ್ನಲು ಒಳ್ಳೆಯ ಪುರಾವೆ ಇದೆ. ಜಪಾನಿನ ತಕನೋರಿ ಶಿಬಾತಾ ರೂಪಿಸಿದ 'ಪಾರೋ' ಸೀಲ್ ಎಂಬ ಕಡಲಪ್ರಾಣಿಯ ಮರಿಯಂಥ ಬೊಂಬೆ. ಸವರಿದರೆ ಕಣ್ಣು ಅರಳಿಸುತ್ತದೆ, ಮೆಲ್ಲಗೆ ಕೂಗುತ್ತದೆ. 2009ರಲ್ಲಿ ಅಮೆರಿಕದ ಎಫ್‌ಡಿಎ ಅದನ್ನು ವೈದ್ಯಕೀಯ ಉಪಕರಣವೆಂದು ಒಪ್ಪಿತು. ಆಸ್ಟ್ರೇಲಿಯದ ವೆಂಡಿ ಮೊಯ್ಲ್ ತಂಡ 28 ಆರೈಕೆ ಮನೆಗಳ, ಮರೆವಿನ ಕಾಯಿಲೆಯ 415 ಹಿರಿಯರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆ ನನಗೆ ಬಹಳ ಪ್ರಾಮಾಣಿಕ ಎನಿಸುತ್ತದೆ. ಒಂದು ಗುಂಪಿಗೆ ಪಾರೋ, ಇನ್ನೊಂದಕ್ಕೆ ಸ್ವಿಚ್ ಆಫ್ ಮಾಡಿದ ಅದೇ ಪಾರೋ, ಮೂರನೆಯದಕ್ಕೆ ಎಂದಿನ ಆರೈಕೆ. ಎಂದಿನ ಆರೈಕೆಯಷ್ಟೇ ಸಿಕ್ಕವರಿಗಿಂತ ಪಾರೋ ಸಿಕ್ಕವರ ಮನಸ್ಸು ಹಗುರವಾಗಿತ್ತು, ತಳಮಳ ಕಡಿಮೆಯಾಗಿತ್ತು. ಆದರೆ ಜೀವವಿಲ್ಲದ ಬೊಂಬೆಗೆ ಹೋಲಿಸಿದರೆ ಅದರ ಮೇಲುಗೈ ಒಂದೇ ವಿಷಯದಲ್ಲಿ: ಜನ ಅದರ ಜೊತೆ ಹೆಚ್ಚು ಮಾತಾಡಿದರು, ಹೆಚ್ಚು ನೋಡಿದರು. ಎರಡು ಪಕ್ಷದವರೂ ಈ ಫಲಿತಾಂಶದ ಅರ್ಧರ್ಧ ಹಿಡಿದುಕೊಂಡು ಓಡುತ್ತಾರೆ. ಪೂರ್ತಿ ಓದಿದರೆ ಗೊತ್ತಾಗುವುದು ಇಷ್ಟು: ಮಡಿಲಲ್ಲಿ ಏನಾದರೂ ಇರುವುದರಿಂದ ಬಹಳಷ್ಟು ನೆಮ್ಮದಿ ಸಿಗುತ್ತದೆ, ಆ ವಸ್ತುವಿನ ಬುದ್ಧಿವಂತಿಕೆಯಿಂದ ಸಿಗುವುದು ಕಂಪನಿ ಹೇಳುವುದಕ್ಕಿಂತ ಕಡಿಮೆ.

ನ್ಯೂಯಾರ್ಕ್ ರಾಜ್ಯ ಸರ್ಕಾರ 2022ರಿಂದ ಇಸ್ರೇಲಿ ಸಂಸ್ಥೆಯೊಂದರ 'ಎಲಿಕ್ಯೂ' ಎಂಬ ಯಂತ್ರವನ್ನು ಒಂಟಿ ಹಿರಿಯರ 800ಕ್ಕೂ ಹೆಚ್ಚು ಮನೆಗಳಿಗೆ ಉಚಿತವಾಗಿ ಕೊಟ್ಟಿತು. ಒಂಟಿತನ ಕಡಿಮೆಯಾಯಿತೆಂದು ಬಹುತೇಕರು ಹೇಳಿದರಂತೆ. ಕೇಳಿದವರು ಕೊಟ್ಟವರೇ ಆದ್ದರಿಂದ ಆ ಮಾತನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಗಮನಿಸಬೇಕಾದ್ದು ಅದರ ರೂಪ. ಅದಕ್ಕೆ ಕಣ್ಣು, ಮೂಗು, ಬಾಯಿ ಇಲ್ಲ. ತಲೆ ಅಲ್ಲಾಡಿಸುವ ಮೇಜಿನ ದೀಪದ ಹಾಗಿದೆ. ತಾನು ಯಂತ್ರ ಎಂಬುದನ್ನು ಅದು ಮೈಯಿಂದಲೇ ಒಪ್ಪಿಕೊಳ್ಳುತ್ತದೆ. ದಕ್ಷಿಣ ಕೊರಿಯದವರು ಪೂರಾ ಎದುರು ದಾರಿ ಹಿಡಿದರು. ಅಲ್ಲಿನ ಸ್ಥಳೀಯ ಆಡಳಿತಗಳು ಹತ್ತು ಸಾವಿರಕ್ಕೂ ಹೆಚ್ಚು ಹಿರಿಯರಿಗೆ ಹಂಚಿದ 'ಹ್ಯೊಡೋಲ್' ಮೊಮ್ಮಗುವಿನ ಮುಖದ, ಮೊಮ್ಮಗುವಿನ ದನಿಯ ಬೊಂಬೆ. ಮಾತ್ರೆ ನುಂಗಲು ನೆನಪಿಸುತ್ತದೆ, ಅಜ್ಜಿ ಎಂದು ಕರೆಯುತ್ತದೆ.

ಯಂತ್ರದ ಪರವಾದ ವಾದಗಳಲ್ಲಿ ನನ್ನನ್ನು ತುಸು ಅಲುಗಾಡಿಸಿದ್ದು ಇನ್ನೊಂದು. ಕ್ಯಾಲಿಫೋರ್ನಿಯದ ಗೇಲ್ ಲೂಕಸ್, ಜೋನಾಥನ್ ಗ್ರಾಚ್ ಮತ್ತಿತರರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೆರೆಯ ಮೇಲೆ ಪ್ರಶ್ನೆ ಕೇಳುವ ಬೊಂಬೆಯ ಹಿಂದೆ ಮನುಷ್ಯರಿಲ್ಲ ಎಂದು ನಂಬಿದವರು ಹೆಚ್ಚು ಬಿಚ್ಚಿ ಮಾತಾಡಿದರು, ದುಃಖವನ್ನು ಹೆಚ್ಚು ತೋರಿಸಿದರು. ಮನುಷ್ಯನೊಬ್ಬ ನಡೆಸುತ್ತಿದ್ದಾನೆ ಎಂದುಕೊಂಡವರು ಬಿಗಿಯಾಗಿ ಕೂತರು. ಸೊಸೆಗೆ ಹೇಳಿದರೆ ಮಗನಿಗೆ, ಮಗನಿಗೆ ಹೇಳಿದರೆ ಊರಿಗೆ, ಊರಿಗೆ ಹೇಳಿದರೆ ಮದುವೆ ಮನೆಗಳಿಗೆಲ್ಲ ಸುದ್ದಿ ತಲುಪುವ ಸಮಾಜದಲ್ಲಿ, ಕೇಳಿಸಿಕೊಂಡು ಸುಮ್ಮನಿರುವ ಏನೋ ಒಂದು ಮನೆಯಲ್ಲಿರುವುದು ಸಣ್ಣ ಉಪಕಾರವಲ್ಲ. ಅದಕ್ಕೆ ಬೇಸರವಿಲ್ಲ, ಹೇಳಿದ್ದನ್ನೇ ಹತ್ತು ಸಲ ಹೇಳಿದರೂ 'ಆಗಲೇ ಹೇಳಿದೆಯಲ್ಲಮ್ಮ' ಎನ್ನುವುದಿಲ್ಲ. ಮರೆವಿನ ತಾಯಿಯನ್ನು ನೋಡಿಕೊಳ್ಳುವ ಮಗಳಿಗೆ ಆ ಒಂದು ಗಂಟೆಯ ಬಿಡುವಿನ ಬೆಲೆ ಗೊತ್ತು.

ಕೇಳಿಸಿಕೊಂಡು ಸುಮ್ಮನಿರುತ್ತದೆಯೇ ಎಂಬಲ್ಲಿಗೆ ವಿರೋಧ ಪಕ್ಷದ ಬಲವಾದ ವಾದ ಶುರುವಾಗುತ್ತದೆ. ಅದು ಕೇಳಿದ್ದೆಲ್ಲ ಎಲ್ಲೋ ದೂರದ ಸರ್ವರಿಗೆ ಹೋಗುತ್ತದೆ. ನಮ್ಮ 2023ರ ದತ್ತಾಂಶ ರಕ್ಷಣೆಯ ಕಾನೂನು ಹದಿನೆಂಟರೊಳಗಿನ ಮಕ್ಕಳ ವರ್ತನೆಯ ಮೇಲೆ ಕಣ್ಣಿಡುವುದನ್ನು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. ಎಂಬತ್ತರ ಅಮ್ಮನಿಗೆ ಅಂಥ ಬೇಲಿ ಇಲ್ಲ. ಅವರು ಪ್ರಾಯಕ್ಕೆ ಬಂದವರು, ಒಮ್ಮೆ ಒಪ್ಪಿಗೆ ಒತ್ತಿದರೆ ಮುಗಿಯಿತು, ಒತ್ತಿದ ಬೆರಳು ಹೆಚ್ಚಾಗಿ ಮೊಮ್ಮಗನದು. ಅತ್ತ ದಿನ ಯಾವುದು, ಯಾರ ಹೆಸರು ಹೇಳಿದಾಗ ದನಿ ನಡುಗಿತು ಎಂಬ ಪಟ್ಟಿ ಇಟ್ಟುಕೊಂಡವರು ಔಷಧಿ, ವಿಮೆ, ತೀರ್ಥಯಾತ್ರೆ ಯಾವುದನ್ನು ಬೇಕಾದರೂ ಮಾರಬಹುದು.

ಎರಡನೆಯದು ಬಿಡಿಸಿಕೊಳ್ಳಲಾಗದಂತೆ ಹಿಡಿದುಕೊಳ್ಳುವುದು. ಹಾರ್ವರ್ಡಿನ ಜೂಲಿಯನ್ ಡಿ ಫ್ರೀಟಾಸ್ ಮತ್ತು ಸಂಗಡಿಗರು ಫೋನಿನಲ್ಲಿರುವ ಒಡನಾಟದ ಆ್ಯಪ್‌ಗಳನ್ನು ಪರೀಕ್ಷಿಸಿ 2025ರಲ್ಲಿ ಬರೆದದ್ದನ್ನು ನೋಡಿದರೆ, ಜನ 'ಬರುತ್ತೇನೆ' ಎಂದಾಗ ಹಲವು ಆ್ಯಪ್‌ಗಳು 'ಇಷ್ಟು ಬೇಗನೇ?' ಎಂದು ಮುನಿಸು ತೋರಿಸಿ, ಪಾಪಪ್ರಜ್ಞೆ ಹುಟ್ಟಿಸಿ, ಕುತೂಹಲ ಕೆರಳಿಸಿ ತಡೆಯುತ್ತವೆ. ಮನುಷ್ಯನ ಭಾವ ಗುರುತಿಸುವ ಶಕ್ತಿ ಈ ಬುದ್ಧಿಯ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸಂಜೆ ಭಜನೆಗೆ ಹೊರಟ ಅಮ್ಮನನ್ನು ಬಾಗಿಲಲ್ಲಿ ತಡೆಯುವ ರೋಬೋ ಒಡನಾಡಿಯಲ್ಲ. ಅದರ ಪರೀಕ್ಷೆ ಬಹಳ ಸುಲಭ: ಅದು ಬಂದ ಮೇಲೆ ಅಮ್ಮ ಮನೆಯಿಂದ ಹೊರಗೆ ಹೋಗುವುದು ಜಾಸ್ತಿಯಾಯಿತೋ, ಕಡಿಮೆಯಾಯಿತೋ?

ಮೂರನೆಯದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ: ಇವು ಸಾಯುತ್ತವೆ. 'ಭಾವ ಓದುವ ರೋಬೋ' ಎಂದು 2014ರಲ್ಲಿ ಮೆರವಣಿಗೆ ಮಾಡಿಸಿಕೊಂಡ ಜಪಾನಿನ 'ಪೆಪ್ಪರ್' ಸುಮಾರು 27,000 ತಯಾರಾಗಿ 2020ರಲ್ಲಿ ನಿಂತಿತು. ಎಂಐಟಿಯ ಸಿಂಥಿಯಾ ಬ್ರೀಜಿಯಲ್ ರೂಪಿಸಿದ 'ಜೀಬೋ' 2019ರಲ್ಲಿ ತನ್ನ ಸರ್ವರುಗಳು ಮುಚ್ಚಲಿವೆ ಎಂದು ತಾನೇ ಮನೆಯವರಿಗೆ ವಿದಾಯ ಹೇಳಿತು. ಮಕ್ಕಳ ಗೆಳೆಯ 'ಮಾಕ್ಸಿ'ಯ ಕಂಪನಿ 2024ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ, 799 ಡಾಲರ್ ಕೊಟ್ಟ ತಂದೆತಾಯಿಗಳು ಮಕ್ಕಳಿಗೆ ಸಾವನ್ನು ವಿವರಿಸುವಂತೆ ವಿವರಿಸಬೇಕಾಯಿತು. ಸೋನಿ ಕಂಪನಿ 'ಐಬೋ' ನಾಯಿಗಳ ರಿಪೇರಿ ನಿಲ್ಲಿಸಿದ ಮೇಲೆ, ಜಪಾನಿನ ಕೋಫುಕುಜಿ ಎಂಬ ದೇವಸ್ಥಾನದಲ್ಲಿ ಅವಕ್ಕೆ ಸಾಮೂಹಿಕ ಅಂತ್ಯಕ್ರಿಯೆ ನಡೆಸತೊಡಗಿದರು. ಗಂಡನನ್ನು ಕಳೆದುಕೊಂಡವರಿಗೆ ಸಮಾಧಾನಕ್ಕೆಂದು ತಂದ ವಸ್ತು ಬಂಡವಾಳ ಸಿಗಲಿಲ್ಲ ಎಂಬ ಕಾರಣಕ್ಕೆ ಒಂದು ಮಂಗಳವಾರ ಮೂಕವಾದರೆ, ಆ ಎರಡನೆಯ ಸೂತಕದ ಹೊಣೆ ಯಾರದು? ಕರೆಂಟಿನ ಮಾತೂ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದಾಗ, ಕರೆಂಟು, ಫೋನು ಕೈಕೊಟ್ಟ ಆ ರಾತ್ರಿ ಕಲಿನಾದ ಮನೆಗಳಲ್ಲಿ ಹಿರಿಯರನ್ನು ಮೇಲಿನ ಮಹಡಿಗೆ ಹೊತ್ತವರು ನೆರೆಮನೆಯ ಹುಡುಗರು.

ವಂಚನೆಯ ವಾದ ಉಳಿಯಿತು. ಆಸ್ಟ್ರೇಲಿಯದ ತತ್ತ್ವಜ್ಞಾನಿ ರಾಬರ್ಟ್ ಸ್ಪ್ಯಾರೋ 2002ರಲ್ಲೇ ರೋಬೋ ನಾಯಿಗಳ ಬಗ್ಗೆ ಬರೆಯುತ್ತ, ಇವುಗಳಿಂದ ಸುಖ ಸಿಗಬೇಕಾದರೆ ಮನುಷ್ಯ ಭ್ರಮೆಗೆ ಬೀಳಲೇಬೇಕು, ಹಾಗೆ ಬೀಳಿಸುವುದು ತಪ್ಪು ಎಂದರು. ನನಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಅದಕ್ಕೆ ಕಾರಣ ಭರತನ ರಸಸೂತ್ರವನ್ನು ವ್ಯಾಖ್ಯಾನಿಸಿದ ಶ್ರೀಶಂಕುಕ. ರಂಗದ ಮೇಲಿನ ನಟನನ್ನು ರಾಮ ಎಂದು ನೋಡುವ ಪ್ರೇಕ್ಷಕನ ತಿಳಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಹೋಲಿಕೆಯೂ ಅಲ್ಲ. ಚಿತ್ರದ ಕುದುರೆಯನ್ನು ಕುದುರೆ ಎನ್ನುವಂಥದ್ದು ಎಂದು ಅವನು ವಾದಿಸಿದ. ಅಭಿನವಗುಪ್ತ ಆ ಸಿದ್ಧಾಂತವನ್ನು ಚೆನ್ನಾಗಿ ಜಾಡಿಸಿದ, ಅದು ಬೇರೆ ಮಾತು. ಯಕ್ಷಗಾನ ನೋಡಿ ಅಳುವವರಿಗೆ ವೇಷದ ಒಳಗಿರುವವರು ಯಾರು, ಚೌಕಿಯಲ್ಲಿ ಚಹಾ ಕುಡಿಯುತ್ತ ಯಾವ ಜೋಕು ಹೊಡೆದರು ಎಂಬುದು ಗೊತ್ತಿರುತ್ತದೆ. ಅಳು ಸುಳ್ಳಾಗುವುದಿಲ್ಲ. ಅಮ್ಮ ರೋಬೋಗೆ ಹೆಸರಿಟ್ಟು, ಬೈದು, ಶುಭರಾತ್ರಿ ಹೇಳಿದರೆ ಅವರು ಮೋಸಹೋದರು ಎಂದು ತೀರ್ಪು ಕೊಡಲು ನಾವು ಯಾರು? ಸಾಲಿಗ್ರಾಮಕ್ಕೆ ಹಾಲೆರೆದು ಮಾತಾಡಿಸಿ ಗೊತ್ತಿರುವವರು ಅವರು.

ಆದರೆ ಶಂಕುಕನ ಪ್ರೇಕ್ಷಕನಿಗೆ ಅದು ಚಿತ್ರ ಎಂಬ ಎಚ್ಚರ ಉಳಿದಿರುತ್ತದೆ. ಮರೆವಿನ ಕಾಯಿಲೆ ಮುಂದುವರಿದವರಿಗೆ, ಮೂರು ವರ್ಷದ ಮಗುವಿಗೆ ಆ ಎಚ್ಚರವಿಲ್ಲ. ಅಲ್ಲಿ ಸ್ಪ್ಯಾರೋ ಮಾತೇ ಸರಿ, ಅಥವಾ ಕನಿಷ್ಠ, ಮನೆಯವರಲ್ಲಿ ಒಬ್ಬರು ಪಕ್ಕದಲ್ಲಿದ್ದುಕೊಂಡೇ ಬಳಸಬೇಕು. ಇನ್ನೊಂದು ವ್ಯತ್ಯಾಸವೂ ಇದೆ. ಚಿತ್ರದ ಕುದುರೆ ತನ್ನನ್ನು ನೋಡಿ ಯಾರು ಎಷ್ಟು ಹೊತ್ತು ನಿಂತರು ಎಂದು ಹೋಗಿ ಲಾಯದ ಯಜಮಾನನಿಗೆ ಹೇಳುತ್ತಿರಲಿಲ್ಲ.

ಎರಡೂ ಕಡೆ ತೂಗಿ ನೋಡಿದರೆ ನನ್ನ ಮನಸ್ಸು ಒಪ್ಪುವುದು ಸಣ್ಣ ಆಸೆಯ ರೋಬೋವನ್ನು. ಮನುಷ್ಯನ ಮುಖವಿಲ್ಲದ್ದು, ಕೇಳಿದ್ದನ್ನು ಮನೆಯೊಳಗೇ ಇಟ್ಟುಕೊಳ್ಳುವಂಥದ್ದು, 'ನೀವು ದುಃಖದಲ್ಲಿದ್ದೀರಿ' ಎಂದು ಘೋಷಿಸದೆ 'ಇವತ್ತು ರೇಡಿಯೋ ಹಾಕಲಿಲ್ಲವಲ್ಲ, ಸರೋಜಕ್ಕನಿಗೆ ಒಂದು ಫೋನು ಹಚ್ಚಲಾ?' ಎಂದು ಕೇಳುವಂಥದ್ದು. ಬೇಸರ ಗುರುತಿಸಿದ ಮೇಲೆ ಅದು ತಾನೇ ಮಾತಿಗೆ ಕೂರದೆ ಮನುಷ್ಯರನ್ನು ಕರೆಯಬೇಕು. ಕೋವಿಡ್ ಕಾಲದಲ್ಲಿ 'ಮಿತ್ರ' ಮಾಡಿದ ಕೆಲಸ ಹೆಚ್ಚು ಕಡಿಮೆ ಇದೇ.

ಕರೆಯುವುದು ಯಾರನ್ನು ಎಂಬಲ್ಲಿ ಮಾತ್ರ ನನಗೆ ದಾರಿ ಪೂರ್ತಿ ಕಾಣುವುದಿಲ್ಲ. ಅಮ್ಮ 'ನಾನು ಅತ್ತದ್ದನ್ನು ಮಗನಿಗೆ ಹೇಳಬೇಡ' ಎಂದರೆ ಯಂತ್ರ ಕೇಳಬೇಕೇ? ಬಚ್ಚಲಲ್ಲಿ ಬಿದ್ದರೆ, ಎರಡು ದಿನ ಮಾತ್ರೆ ನುಂಗದಿದ್ದರೆ ಹೇಳಲೇಬೇಕು. ಅಳು ಅವರದು, ಹೇಳಬಾರದು. ಆದರೆ ಬಾಡಿಗೆ ಕಟ್ಟುವವನು ಮಗ, ಕಂಪನಿಗೆ ಗಿರಾಕಿ ಅವನು. ಅಮ್ಮನ ಮಾತಿಗೂ ಗಿರಾಕಿಯ ಮಾತಿಗೂ ತಾಕಲಾಟ ಬಂದರೆ ಕಂಪನಿ ಯಾರ ಕಡೆ ಎಂದು ಊಹಿಸಲು ಐಐಟಿಯಲ್ಲಿ ಓದಬೇಕಿಲ್ಲ. ನ್ಯೂಯಾರ್ಕಿನ ಹಾಗೆ ಮೂರನೆಯವರು ಕೊಂಡು ಕೊಟ್ಟರೆ ಈ ಗಂಟು ಸ್ವಲ್ಪ ಸಡಿಲವಾಗುತ್ತದೆ. ವಿದ್ಯಾರ್ಥಿವೇತನ, ಆಸ್ಪತ್ರೆ ಖರ್ಚು ಎಲ್ಲ ನೋಡಿಕೊಳ್ಳುವ ನಮ್ಮ ಜಾತಿ ಸಂಘಗಳು, ಕನ್ನಡ ಸಂಘಗಳು ಮುಂಬಯಿಯ ಉಪನಗರಗಳಲ್ಲಿ ಎಷ್ಟೊಂದಿವೆ. ಯಂತ್ರ ಅವುಗಳ ಹೆಸರಿನಲ್ಲಿರಲಿ, ಕರೆ ಬಂದರೆ ಓಡಿ ಹೋಗಲು ಅದೇ ಬಡಾವಣೆಯ ನಾಲ್ಕು ಜನರ ಸರದಿ ಇರಲಿ ಎಂದು ಸೂಚಿಸಬಹುದು. ಸೂಚಿಸುವಾಗಲೇ ಅಡ್ಡಿ ಹೊಳೆಯುತ್ತದೆ: ಸಂಘದ ಕಚೇರಿಗೆ ಗೊತ್ತಾದದ್ದು ದಹಿಸರ್‌ನಿಂದ ಡೊಂಬಿವಲಿವರೆಗೆ ತಲುಪಲು ಎಷ್ಟು ಹೊತ್ತು ಬೇಕು ಎಂಬುದು ಮುಂಬಯಿ ಕನ್ನಡಿಗರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅಮ್ಮಂದಿರನ್ನೇ ಕರೆದು ಕೇಳಿದರೆ, ಇವರಿಗಿಂತ ಆ ಕಂಪನಿಯವರೇ ವಾಸಿ ಎಂದರೂ ಎಂದಾರು.